ಅಕ್ಕ ಮೇಡಂ ಆದದ್ದು

ಮದುವೆಯಾಗಿ ವರ್ಷಗಳು ಕಳೆದರೂ ದೀಪಶ್ರೀಗೆ ಮಕ್ಕಳಾಗಿರಲಿಲ್ಲ. ಆದರೆ ದಿನವಿಡೀ ಅವಳ ಕೈಯಲ್ಲಿರುತ್ತಿದ್ದುದು ಬೇರೆಯವರ ಕೂಸುಗಳೇ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಅವಳ ಫಿಸಿಯೋಥೆರಪಿ ಕ್ಲಿನಿಕ್ ಇತ್ತು. ಮಂಡಿನೋವು, ಸೊಂಟನೋವಿನವರೂ ಬರುತ್ತಿದ್ದರು. ಆದರೆ ಅವಳು ಮಂಗಳೂರಿಗೆ ಹೋಗಿ ಮುದ್ದಾಂ ಕಲಿತು ಬಂದಿದ್ದು ಎಳೆಮಕ್ಕಳ ಕೆಲಸ. ಕುತ್ತಿಗೆಯ ಒಂದು ಬದಿಯ ಸ್ನಾಯು ಬಿಗಿದುಕೊಂಡು ತಲೆ ವಾಲಿಸಿಕೊಂಡೇ ಇರುವ ಕೂಸುಗಳನ್ನು ಮೆಲ್ಲಗೆ, ಅಳಿಸದೆ, ಸರಿದಾರಿಗೆ ತರುವುದು.

ಅದೇ ಊರಿನ ಕೋಟೆ ಭಾಗದಲ್ಲಿದ್ದ ಅವಳ ಗಂಡನ ಮನೆಯಲ್ಲಿ ಈ ವಿದ್ಯೆಗೆ ಮರ್ಯಾದೆ ಇರಲಿಲ್ಲ. "ನಮ್ಮ ದೊಡ್ಡ ಸೊಸೆ ಊರ ಮಕ್ಕಳ ಕುತ್ತಿಗೆ ಹಿಸುಕ್ತಾಳೆ" ಎಂದು ಅತ್ತೆ ಶಾಮಲಾ ನೆಂಟರ ಮುಂದೆ ಹೇಳುತ್ತಿದ್ದರು. ನೆಂಟರು ನಗುತ್ತಿದ್ದರು. ಗಂಡ ಸುದರ್ಶನ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಮೈದುನ ಗುರುಪ್ರಸಾದ ಹೆಂಡತಿ ಶರಾವತಿಯೊಂದಿಗೆ ರಾಗಿಗುಡ್ಡದ ಕಡೆ ಬೇರೆ ಮನೆ ಮಾಡಿದ್ದ. ವಾರಗಿತ್ತಿಯರಿಬ್ಬರ ನಡುವೆ ಮೊದಲು ಅಂಥ ಪ್ರೀತಿಯೂ ಇರಲಿಲ್ಲ, ಜಗಳವೂ ಇರಲಿಲ್ಲ. ಕೆಟ್ಟದ್ದು ಶರಾವತಿಯ ಸೀಮಂತದ ದಿನ. ಮುತ್ತೈದೆಯರು ಆರತಿಗೆ ಎದ್ದು ನಿಂತಾಗ ದೀಪಶ್ರೀಯೂ ಎದ್ದಳು. ಶಾಮಲಾ ಅವಳ ಮೊಣಕೈ ಹಿಡಿದು, "ನೀನು ಒಳಗೆ ಕಾಫಿ ನೋಡ್ಕೋ ಹೋಗು" ಎಂದರು. ಹಸಿರು ಸೀರೆಯುಟ್ಟು ಕುರ್ಚಿಯ ಮೇಲೆ ಕೂತಿದ್ದ ಶರಾವತಿಗೆ ಅದು ಕೇಳಿಸಿತು. ಅವಳು ಕೈಬಳೆಗಳನ್ನು ಸರಿಮಾಡಿಕೊಳ್ಳುತ್ತ ಸುಮ್ಮನಿದ್ದಳು. ದೀಪಶ್ರೀ ಒಳಗೆ ಹೋಗಿ ಕಾಫಿ ಸೋಸಿದಳು.

ಗಂಡುಮಗು ಹುಟ್ಟಿತು. ಮೂರನೇ ತಿಂಗಳಲ್ಲಿ ಭದ್ರಾವತಿಯ ನ್ಯೂಟೌನಿನಲ್ಲಿದ್ದ ಶರಾವತಿಯ ತವರಿನಲ್ಲಿ ನಾಮಕರಣ. ತ್ರಿವಿಕ್ರಮ ಎಂದು ಹೆಸರಿಟ್ಟರು. ತೊಟ್ಟಿಲ ಸುತ್ತ ಹೆಂಗಸರು ಬಾಗಿ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರೆ ಮಗು ಬಲಕ್ಕೆ ನಿಂತವರನ್ನು ಮಾತ್ರ ನೋಡಿ ನಗುತ್ತಿತ್ತು. ಎಡಗಡೆಯಿಂದ ಯಾರು ಕರೆದರೂ ತಲೆ ಹೊರಳಲಿಲ್ಲ. ತಲೆ ಎಡಭುಜಕ್ಕೆ ವಾಲಿತ್ತು, ಗಲ್ಲ ಬಲಕ್ಕೆ ತಿರುಗಿತ್ತು, ಬಲಗಡೆ ಹಿಂದಲೆ ಆಗಲೇ ಚಪ್ಪಟೆಯಾಗತೊಡಗಿತ್ತು. ದೀಪಶ್ರೀಗೆ ಎರಡನೇ ಸಲ ನೋಡುವುದೂ ಬೇಕಾಗಲಿಲ್ಲ.

ಶರಾವತಿಯನ್ನು ಒಳಗೆ ಕರೆದು ಹೇಳಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ತುಂಬಿದ ಹಜಾರದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈ ಮಗುಗೆ ಕುತ್ತಿಗೆ ಬಿಗಿದಿದೆ. ಮೂರು ತಿಂಗಳಾಯ್ತು, ಇಷ್ಟು ಜನರಲ್ಲಿ ಒಬ್ಬರಿಗೂ ಕಾಣಲಿಲ್ವಾ?"

ಆ ಮಾತಿನಲ್ಲಿ ವೃತ್ತಿಯ ಎಚ್ಚರ ಎಷ್ಟಿತ್ತೋ ಸೇಡೂ ಅಷ್ಟೇ ಇತ್ತು. ಶರಾವತಿಯ ತಾಯಿ ಮಗುವನ್ನು ತೊಟ್ಟಿಲಿನಿಂದ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡರು. "ಯಾರ ಕಣ್ಣು ಬಿತ್ತು ಅಂತ ಈಗ ಗೊತ್ತಾಯ್ತು" ಎಂದರು. ದೀಪಶ್ರೀ ಊಟಕ್ಕೆ ಕೂರದೆ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದಳು. ಸುದರ್ಶನ ಊಟ ಮುಗಿಸಿಕೊಂಡೇ ಬಂದ.

ಆಮೇಲಿನದು ಅವಳಿಗೆ ತಿಳಿದಿದ್ದು ಗುರುಪ್ರಸಾದನಿಂದ. ಭದ್ರಾವತಿಯಲ್ಲಿ ಬಾಣಂತಿ ನೀರು ಹಾಕಲು ಬರುತ್ತಿದ್ದ ಮಾಸ್ತಮ್ಮನಿಗೆ ಶರಾವತಿಯ ತಾಯಿ, ಎಣ್ಣೆ ಹಚ್ಚುವಾಗ ಕುತ್ತಿಗೆಯನ್ನು ಎಳೆದು ನೆಟ್ಟಗೆ ಮಾಡು ಎಂದರು. ಆಕೆ ಬೇಡವೆಂದರೂ ಕೇಳಲಿಲ್ಲ; ಕೊನೆಗೆ ತಾವೇ ಎಳೆದರು. ಮಗು ಉಸಿರುಕಟ್ಟುವಂತೆ ಅತ್ತು ಆ ದಿನವೆಲ್ಲ ಹಾಲು ಕುಡಿಯಲಿಲ್ಲ. ಗುರುಪ್ರಸಾದ ಮಗುವನ್ನು ಮಕ್ಕಳ ಡಾಕ್ಟರ ಬಳಿಗೆ ಒಯ್ದ. ಅವರು ಸ್ಕ್ಯಾನ್ ಮಾಡಿಸಿ, ಮೂಳೆಗೇನೂ ತೊಂದರೆ ಇಲ್ಲ, ಸ್ನಾಯು ಮಾತ್ರ, ಇದಕ್ಕೆ ದೀಪಶ್ರೀಯ ಹತ್ತಿರ ಹೋಗಿ ಎಂದರು. ಶರಾವತಿ ಆಗುವುದಿಲ್ಲ ಎಂದಳು. ಇನ್ನೊಂದು ಕಡೆ ಹೋದರು. ಅಲ್ಲಿದ್ದವರು ಇಷ್ಟು ಚಿಕ್ಕ ಮಕ್ಕಳನ್ನು ತಾವು ಮುಟ್ಟುವುದಿಲ್ಲ ಎಂದುಬಿಟ್ಟರು.

ಹೀಗೆ ಒಂದು ಬೆಳಿಗ್ಗೆ ಶರಾವತಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು. ಹೊರಗೆ ಬೇರೆಯವರೊಂದಿಗೆ ಬೆಂಚಿನ ಮೇಲೆ ಕೂತು ತನ್ನ ಸರದಿ ಬರುವವರೆಗೆ ಕಾದಳು. ಒಳಗೆ ಬಂದವಳು, "ಮೇಡಂ, ಡಾಕ್ಟರು ಕಳಿಸಿದಾರೆ" ಎಂದಳು. ಅಲ್ಲಿಯವರೆಗೆ ಅವಳು ದೀಪಶ್ರೀಯನ್ನು ಅಕ್ಕ ಎನ್ನುತ್ತಿದ್ದಳು.

"ಮಲಗಿಸು" ಎಂದಳು ದೀಪಶ್ರೀ.

ಅವಳು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಒಂದು ಕೈಯನ್ನು ಮಗುವಿನ ಎಡಭುಜದ ಮೇಲೆ ಭಾರ ಬಿಡದೆ ಇಟ್ಟು, ಇನ್ನೊಂದರಲ್ಲಿ ತಲೆಯನ್ನು ಆತು ಹಿಡಿದು ಕಾದಳು. ಮಗು ಉಸಿರು ಬಿಟ್ಟು ಸಡಿಲವಾದಾಗ ತಲೆಯನ್ನು ಕಂಡೂ ಕಾಣದಷ್ಟು ಬಲಭುಜದ ಕಡೆಗೆ ಬಾಗಿಸಿದಳು. ಅದು ಮುಖ ಕಿವುಚಿದ ಕೂಡಲೇ ನಿಲ್ಲಿಸಿದಳು.

"ಅಳಿಸಬೇಡಿ" ಎಂದಳು ಶರಾವತಿ.

"ಅಳಿಸಿದ್ದು ನಿಮ್ಮಮ್ಮ. ನಾನಲ್ಲ."

ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿಸಬೇಕು, ಎಡಗಡೆಯಿಂದಲೇ ಮಾತಾಡಿಸಬೇಕು, ಆಟಿಕೆ ತೋರಿಸಬೇಕು, ಈಗ ತಾನು ಮಾಡಿದ್ದನ್ನು ಡಯಾಪರ್ ಬದಲಿಸುವಾಗಲೆಲ್ಲ ಮಾಡಬೇಕು ಎಂದು ದೀಪಶ್ರೀ ಹೇಳುತ್ತಿದ್ದರೆ ಶರಾವತಿ ಗೋಡೆ ನೋಡುತ್ತಿದ್ದಳು.

ವಾರ ವಾರ ಬಂದಳು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂರುವಳು, ಮುಗಿದ ಮೇಲೆ ಎದ್ದು ಹೋಗುವಳು. ಕೋಟೆಯ ಮನೆಗೆ ಅವಳು ಕಾಲಿಡುವುದನ್ನೇ ಬಿಟ್ಟಳು. ಚಿಕ್ಕ ಸೊಸೆಯನ್ನು ಮನೆ ಬಿಡಿಸಿದವಳೆಂದು ಶಾಮಲಾ ದೀಪಶ್ರೀಯೊಂದಿಗೆ ಮಾತು ನಿಲ್ಲಿಸಿದರು. ತಟ್ಟೆಯನ್ನು ಸದ್ದಾಗುವಂತೆ ಇಟ್ಟು ಊಟಕ್ಕೆ ಕರೆಯುತ್ತಿದ್ದರು. ಮಗುವಿನ ಕುತ್ತಿಗೆ ಮಾತ್ರ ಇದ್ದಲ್ಲೇ ಇತ್ತು.

ಒಂದು ದಿನ ದೀಪಶ್ರೀ ಕೈ ತೆಗೆದು ಕೇಳಿದಳು, "ಮನೇಲಿ ಮಾಡ್ತಾ ಇಲ್ಲ ಅಲ್ವಾ ನೀನು?"

"ನೀವು ಬಂದು ನೋಡಿದ್ರಾ?"

"ನೋಡೋದು ಬೇಡ, ಮುಟ್ಟಿದ್ರೆ ಗೊತ್ತಾಗುತ್ತೆ. ನನ್ನ ಮೇಲಿನ ಸಿಟ್ಟು ಮಗು ಮೇಲೆ ತೀರಿಸಬೇಡ ಮಾರಾಯ್ತಿ."

ಶರಾವತಿಯ ಮುಖ ಕೆಂಪಾಯಿತು. "ಮಾಡೋಕೆ ಹೋದ್ರೆ ಕೈ ನಡುಗುತ್ತೆ. ಅಮ್ಮ ಎಳೆದಾಗ ಅವನು ಅತ್ತಿದ್ದು ಕಿವೀಲೇ ಇದೆ. ಇದನ್ನ ನಿಮ್ಮ ಮುಂದೆ ಹೇಳಬೇಕಾಯ್ತಲ್ಲ, ಸಾಕಾ ನಿಮಗೆ?"

ದೀಪಶ್ರೀಗೆ ಒಂದು ಕ್ಷಣ, ಹೌದು, ಸಾಕು ಅನ್ನಿಸಿತು. ಮಗು ಮೇಜಿನ ಮೇಲೆ ಕಾಲು ಬಡಿಯುತ್ತಿತ್ತು. ಅವಳು ಶರಾವತಿಯ ಎರಡೂ ಕೈಗಳನ್ನು ಹಿಡಿದು ಮಗುವಿನ ಭುಜದ ಮೇಲೊಂದು, ತಲೆಗೊಂದು ಇಡಿಸಿ, ಅವುಗಳ ಮೇಲೆ ತನ್ನ ಕೈ ಇಟ್ಟಳು. ಕೈ ನಿಜಕ್ಕೂ ನಡುಗುತ್ತಿತ್ತು. ಅದು ನಿಲ್ಲುವವರೆಗೂ ಅವಳು ಅಲ್ಲಾಡಲಿಲ್ಲ.

"ಇಷ್ಟೇ. ಇದಕ್ಕಿಂತ ಒಂಚೂರು ಹೆಚ್ಚಾದ್ರೂ ತಪ್ಪು. ಅವನು ಬಿಟ್ಟಷ್ಟು ಮಾತ್ರ ತಗೋ."

ಮಗು ಅಳಲಿಲ್ಲ. ಪಾಠ ಮುಗಿದ ಮೇಲೆ ಶರಾವತಿ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ದೀಪಶ್ರೀ ಅದನ್ನು ನೋಡಿದಳು. ತಾನೂ ನಲ್ಲಿ ತಿರುಗಿಸಿ ಕೈ ತೊಳೆದಳು.

ಆಮೇಲೆ ಕುತ್ತಿಗೆ ಸಡಿಲವಾಗತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮಗು ಹೊಟ್ಟೆಯ ಮೇಲೆ ಮಲಗಿ ತಲೆಯೆತ್ತಿ, ಎಡಕ್ಕೆ ಕೂತ ತಾಯಿಯನ್ನು ಹುಡುಕಿ ನೋಡಿತು. ಮೂಲೆಯಲ್ಲಿ ನಿಂತಿದ್ದ ಗುರುಪ್ರಸಾದ ಕಣ್ಣೊರೆಸಿಕೊಂಡ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇನ್ನು ಬರಬೇಕಾಗಿಲ್ಲ ಎಂದು ದೀಪಶ್ರೀ ಹೇಳಿದ ದಿನ ಶರಾವತಿ ಬಾಗಿಲ ಬಳಿ ತಿರುಗಿ ನಿಂತಳು.

"ಅವತ್ತು ಎಲ್ಲರ ಮುಂದೆ ಹೇಳಬಾರದಿತ್ತು ನೀವು."

"ಹೌದು, ಹೇಳಬಾರದಿತ್ತು. ಸೀಮಂತದ ದಿನ ನೀನೂ ಸುಮ್ಮನಿರಬಾರದಿತ್ತು."

"ಅದು ಅತ್ತೆ ಮಾಡಿದ್ದು."

"ನಾನು ಹೇಳ್ತಿರೋದು ನಿನ್ನ ವಿಷಯ."

ಶರಾವತಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮೆಟ್ಟಿಲಿಳಿದಳು.

ಮೊದಲ ಹುಟ್ಟುಹಬ್ಬಕ್ಕೆ ಸುದರ್ಶನನಿಗೆ ಫೋನ್ ಬಂತು, ದೀಪಶ್ರೀಗೆ ಬರಲಿಲ್ಲ. ಅವನು ಹೋಗಿ ಬಂದು, ಮಗು ನಡೆಯುತ್ತಿದೆ ಎಂದ. ಮಗುವಿಗೆ ವಾಸಿಯಾದದ್ದು ತಾವು ಕೊಟ್ಟ ಹರಳೆಣ್ಣೆಯಿಂದ ಎಂದು ಶಾಮಲಾ ಅಲ್ಲಿ ಹೇಳಿದರಂತೆ.

"ನೀವು ಏನಂದ್ರಿ?" ಎಂದು ದೀಪಶ್ರೀ ಕೇಳಿದಳು.

"ಅಮ್ಮನ ಹತ್ರ ಏನು ಹೇಳೋದು" ಎಂದ ಸುದರ್ಶನ. ಆ ರಾತ್ರಿ ಅವನ ಹಾಸಿಗೆ ಹಜಾರಕ್ಕೆ ಬಂತು.

ಅದಾಗಿ ಸ್ವಲ್ಪ ದಿನಕ್ಕೆ ಭದ್ರಾವತಿಯಿಂದ ಅನುಷಾ ಎಂಬ ಹುಡುಗಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ತಲೆ ಬಲಕ್ಕೆ ವಾಲಿತ್ತು. ಯಾರು ಕಳಿಸಿದರು ಎಂದು ಕೇಳಿದ್ದಕ್ಕೆ ಪಕ್ಕದ ಮನೆಗೆ, ತವರಿಗೆ ಬಂದಿದ್ದ ಶರಾವತಿ ಎಂದಳು.

"ಏನಂದ್ಳು?"

ಅನುಷಾ ಹಿಂದೆಮುಂದೆ ನೋಡಿದಳು. "ನಿಮ್ಮ ಬಗ್ಗೆ ಒಳ್ಳೇದೇನೂ ಹೇಳಲಿಲ್ಲ ಮೇಡಂ. ಆದ್ರೆ ಬೇರೆ ಎಲ್ಲೂ ಹೋಗಬೇಡ ಅಂದ್ರು."

ದೀಪಶ್ರೀ ಅಂಗೈ ಉಜ್ಜಿಕೊಳ್ಳುತ್ತ, ಮಗುವಿನ ಟೋಪಿ ತೆಗೆ ಎಂದಳು.