ಭಾವನವರ ‘ಇನ್ನು ಹತ್ತು ವರ್ಷ’

ನನ್ನ ಭಾವನವರು, ಅಂದರೆ ಗಂಡನ ಅಣ್ಣ, ಬಲಗೈ ತೋರುಬೆರಳಿನ ಉಗುರನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಹಳದಿಗಟ್ಟಿದ, ತುದಿಯಲ್ಲಿ ಒಳಕ್ಕೆ ಬಾಗಿದ ಉಗುರು. ಫೋನಿನ ಬೆನ್ನು, ರಿಮೋಟಿನ ಮುಚ್ಚಳ, ಕೈಗಡಿಯಾರದ ತಳ ಎಲ್ಲವನ್ನೂ ಅದರಿಂದಲೇ ಎಬ್ಬಿಸುತ್ತಿದ್ದರು. ಅದೇ ಉಗುರಿನಿಂದ ನಮ್ಮ ಊಟದ ಟೇಬಲ್ಲಿನ ಗಾಜನ್ನು ಮೂರು ಸಲ ಕುಟ್ಟಿದರೆ ಭವಿಷ್ಯವಾಣಿ ಬಂತೆಂದೇ ಅರ್ಥ.

“ಬರಕೋ, ಕಾನ್ವೆಂಟ್. ಇನ್ನು ಹತ್ತು ವರ್ಷ.”

ಅವರು ಒಂದು ಸಲವೂ ನನ್ನನ್ನು ಹೆಸರಿನಿಂದ ಕರೆಯಲಿಲ್ಲ. ಆ ಅಡ್ಡಹೆಸರು ಅಂಟಿದ್ದು ಮದುವೆಯ ದಿನ. ಕಲಬುರಗಿಯ ಅವರ ಮನೆಯ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರಿನ ಮುಂದೆ ನನ್ನನ್ನು ನಿಲ್ಲಿಸಿ, ನಾದಿನಿಯರು ಬಾಗಿಲಿಗೆ ಅಡ್ಡಗಟ್ಟಿ, “ಗಂಡನ ಹೆಸರು ಹೇಳಿ ಒಳಗ ಬಾ” ಎಂದರು. ಒಡಪು ಕಟ್ಟಿ, ಪದ್ಯದೊಳಗೆ ಮೆಲ್ಲಗೆ ಹೆಸರು ಸೇರಿಸಿ ಹೇಳಬೇಕೆಂದು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದ ನನಗೆ ಯಾರೂ ಹೇಳಿರಲಿಲ್ಲ. ಹಾಜರಿ ಕೂಗಿದಂತೆ ನೆಟ್ಟಗೆ ನಿಂತು, ‘ಮಿಸ್ಟರ್’ ಸಮೇತ, ಇನಿಷಿಯಲ್ ಸಮೇತ, ಪೂರ್ತಿ ಹೆಸರು ಹೇಳಿಬಿಟ್ಟೆ. ಚಪ್ಪರದಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವರು ಭಾವನವರು. ಆಮೇಲೆ ಮನೆಗೆ ಯಾರೇ ಹೊಸಬರು ಬರಲಿ, ಚಹಾ ಆರುವ ಮೊದಲು ಆ ಕಥೆ ಮುಗಿದಿರುತ್ತಿತ್ತು. ನಾನು ಟ್ರೇ ಹಿಡಿದು ನಿಂತು, ನಗಬೇಕಾದಲ್ಲಿ ನಗುತ್ತಿದ್ದೆ.

ಅವರು ಟೆಲಿಫೋನ್ ಇಲಾಖೆಯಲ್ಲಿದ್ದವರು. ಕಲಿತ ವಿದ್ಯೆಯೆಲ್ಲ ಅವರ ಕಣ್ಣೆದುರೇ ಗುಜರಿಗೆ ಹೋಯಿತು. ಆ ಸಿಟ್ಟಿಗೋ ಏನೋ, ಉಳಿದವರ ಕೆಲಸ ಯಾವಾಗ ಸಾಯುತ್ತದೆಂದು ಹೇಳುವುದರಲ್ಲಿ ಅವರಿಗೆ ಒಂದು ರುಚಿ. ಭಾನುವಾರ ಹೈದರಾಬಾದಿನ ಆ ತುದಿಯ ತಾರ್ನಾಕದಿಂದ ಬಸ್ಸು ಬದಲಿಸಿ ಈ ತುದಿಯ ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದರು. ಮಗಳ ಶಾಲೆಯ ಉಳಿದ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಳ್ಳಬೇಕು. “ನಿನ್ನ ಅಕ್ಷರ ಅಚ್ಚಿನಂಗ ಐತಿ. ಓದಿದವ್ರು ಸುಳ್ಳು ಅನ್ನಂಗಿಲ್ಲ.” ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಮನೆಗೆ ಬೀಗದಕೈ ಇರುವುದಿಲ್ಲ, ಬಾಗಿಲೇ ಮುಖ ನೋಡಿ ತೆರೆದುಕೊಳ್ಳುತ್ತದೆ. ಬರೆದೆ. ಮುಂಗೈಗೆ ಕಟ್ಟಿದ ಪಟ್ಟಿ ಜ್ವರ ಬರುವ ಮುನ್ನಾದಿನವೇ ಹೇಳುತ್ತದೆ. ಬರೆದೆ. ನಮ್ಮ ಸಿಗ್ನಲ್ಲಿನಲ್ಲಿ ಡ್ರೈವರ್ ಇಲ್ಲದ ಕಾರುಗಳು ನಿಲ್ಲುತ್ತವೆ. “ಅಣ್ಣಾ, ಅಲ್ಲಿ ಡ್ರೈವರ್ ಇದ್ದ ಕಾರೇ ಮುಂದ ಹೋಗಂಗಿಲ್ಲ,” ಎಂದು ನನ್ನವರು ನಕ್ಕರೆ ಉಗುರು ಮತ್ತೆ ಗಾಜು ಕುಟ್ಟುತ್ತಿತ್ತು.

ಒಂದು ಭಾನುವಾರ ನಾಲ್ಕನೆಯ ರೊಟ್ಟಿಯನ್ನು ಎಣ್ಣೆಗಾಯಿಗೆ ಅದ್ದುತ್ತ ಅಂದರು: “ಇದನ್ನೂ ಮಷಿನ್ ಬಡೀತೈತಿ. ನೀ ಮಾಡೂದು ಒಂದೂ ಉಳಿಯಂಗಿಲ್ಲ. ಆಮ್ಯಾಲ ಏನ್ ಮಾಡ್ತಿ, ಕಾನ್ವೆಂಟ್?”

ಅದನ್ನೂ ನನ್ನ ಕೈಯಿಂದಲೇ ಬರೆಸಿದರು. ಆ ಪುಟದ ಮೂಲೆಯಲ್ಲಿ ಅವರ ಹೆಬ್ಬೆರಳಿನ ಎಣ್ಣೆ ಇನ್ನೂ ಇದೆ. ಆ ದಿನದಿಂದ ಅವರು ಬರುವಾಗ ನಾನು ಐದನೆಯ ರೊಟ್ಟಿ ಬಡಿಯಲಿಲ್ಲ.

ಇನ್ನೊಂದು ಸಲ ಬರೆಸಿದ್ದು ದನಿಯ ವಿಷಯ. “ಮಷಿನ್‌ಗೆ ನಿನ್ನ ಗಂಡನ ದನಿ ಬರ್ತೈತಿ. ಫೋನ್ ಮಾಡಿ ಅಳತೈತಿ. ನೀ ಮೊದಲೇ ಮೆತ್ತಗಿನಾಕಿ, ಕೇಳಿದ್ದು ಕೊಟ್ಟು ಕುಂಡರ್ತಿ. ಮನಿಯವರಿಗಷ್ಟ ಗೊತ್ತಿರೂ ಒಂದು ಪ್ರಶ್ನಿ ಇಟ್ಕೋರಿ.”

“ಏನು ಕೇಳೂದು ಅಣ್ಣಾ?” ಎಂದರು ನನ್ನವರು.

“ಇಕಿ ಒಡಪು ಕೇಳ್ರಿ! ಮಷಿನ್ ಎಂಥಾ ಒಡಪರ ಕಟ್ಟತೈತಿ. ಇಕಿ ಒಡಪ ಹೇಳಿಲ್ಲಂತ ಅದರಪ್ಪಗೂ ತಿಳಿಯಂಗಿಲ್ಲ.”

ಮಗಳೂ ನಕ್ಕಳು. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಎರಡು ವರ್ಷದ ಮೇಲೆ ಒಂದು ಬುಧವಾರ, ಬೆಳಗಿನ ಹನ್ನೊಂದರ ಹೊತ್ತು, ಪುಂಡಿಪಲ್ಯ ಸೋಸುತ್ತ ಕುಳಿತಿದ್ದೆ. ಗೊತ್ತಿಲ್ಲದ ನಂಬರು. ನನ್ನವರ ದನಿ, ಏದುಸಿರು. ಆಕ್ಸಿಡೆಂಟ್ ಆಗಿದೆ, ಇದು ಬೇರೆಯವರ ಫೋನು, ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳಬೇಕಾದರೆ ನಿನ್ನ ಫೋನಿಗೆ ಬಂದ ಅಂಕಿ ಹೇಳು, ಬೇಗ ಹೇಳು. ಎಲ್ಲ ಹಿಂದಿಯಲ್ಲಿ. ಹೊರಗೆ ನಾಲ್ಕು ಜನರ ನಡುವೆ ಅವರು ಹಿಂದಿಯನ್ನೇ ಆಡುತ್ತಾರೆ. ನನಗೆ ಅನುಮಾನ ಬರಲಿಲ್ಲ. ಅಂಕಿ ಬಂದಿತ್ತು. ಮೊದಲ ಎರಡನ್ನು ಓದಿಯೂಬಿಟ್ಟೆ. ಆಗ ಎಲ್ಲಿಂದಲೋ ಆ ದರಿದ್ರ ಉಗುರು ಗಾಜು ಕುಟ್ಟಿದಂತಾಯಿತು.

“ಮದುವೆ ದಿನ ಹೊಸ್ತಿಲಲ್ಲಿ ನನ್ನ ಒಡಪು ಏನಿತ್ತು, ಹೇಳ್ರಿ,” ಎಂದೆ. ಅಂಕಿ ಹೇಳು ಎಂದು ದನಿ ಮತ್ತೆ ಹಿಂದಿಯಲ್ಲೇ ಅಂದಿತು. ಹಿಂದಿಯಲ್ಲಿ ಮತ್ತೆ ಕೇಳಿದೆ.

ಇದು ಕೇಳುವ ಹೊತ್ತೇ ಎಂದು ದನಿ ಗದರಿತು. ಆಮೇಲೆ ಮೆತ್ತಗಾಗಿ ಅಂದಿತು, “ಬಹುತ್ ಅಚ್ಛಾ ಬೋಲೀ ಥೀ ತುಮ್. ಸಬ್ ಖುಷ್ ಹುಯೇ ಥೇ.”

ಆ ಮನೆಯಲ್ಲಿ ಯಾರೂ, ಎಂದೂ, ನಾನು ಚೆನ್ನಾಗಿ ಹೇಳಿದೆ ಎಂದಿರಲಿಲ್ಲ. ಫೋನ್ ಇಟ್ಟೆ. ಕೈಯಲ್ಲಿದ್ದ ಪುಂಡಿಸೊಪ್ಪು ಮುದ್ದೆಯಾಗಿತ್ತು. ನನ್ನವರ ನಂಬರಿಗೆ ಮಾಡಿದರೆ ಅವರು ಆಫೀಸಿನಲ್ಲಿ ಆರಾಮವಾಗಿದ್ದರು.

“ಅಣ್ಣಗ ಹೇಳಬೇಕಿದು!” ಎಂದರು.

“ಹೇಳಬ್ಯಾಡ್ರಿ,” ಎಂದೆ. ಮದುವೆಯಾದಾಗಿನಿಂದ ನಾನು ಅವರಲ್ಲಿ ಹಟ ಹಿಡಿದು ಕೇಳಿದ್ದು ಅದೊಂದೇ ಇರಬೇಕು. ಬೀಗ, ಪಟ್ಟಿ ಎಲ್ಲ ಒಂದೊಂದಾಗಿ ನಿಜವಾಗುತ್ತಿದ್ದವು. ಪ್ರತಿ ಸಲ ಉಗುರು ನನ್ನ ಕಡೆ ತಿರುಗುತ್ತಿತ್ತು. ಇದೊಂದರ ಗೆಲುವು ಭಾವನವರಿಗೆ ಸಿಗಬಾರದು ಅನಿಸಿತು.

“ಬಂತೇನು ಆ ಫೋನು?” ಭಾನುವಾರ ಬಂದಾಗಲೆಲ್ಲ ಕೇಳುತ್ತಿದ್ದರು.

“ಇಲ್ರಿ ಭಾವಾರ.”

ನನ್ನವರು ತಟ್ಟೆ ನೋಡುತ್ತ ಉಣ್ಣುತ್ತಿದ್ದರು.

ಹೋದ ಶ್ರಾವಣದಲ್ಲಿ ಭಾವನವರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಗೆ ನನ್ನಿಂದಲೇ ನೋಟ್‌ಬುಕ್ ತರಿಸಿಕೊಂಡರು. ಯಾರೋ ನರ್ಸು ಆ ಉಗುರನ್ನು ಕತ್ತರಿಸಿದ್ದಳು. ಕುಟ್ಟಲು ಹೋದರೆ ಮಂಚದ ಸರಳಿಗೆ ಬರೀ ಬೆರಳಿನ ತುದಿ ತಾಗುತ್ತಿತ್ತು, ಸದ್ದಿಲ್ಲ. ಒಂದೊಂದೇ ಸಾಲು ಓದಿಸಿ, ಆದದ್ದಕ್ಕೆ ಟಿಕ್, ಆಗದ್ದಕ್ಕೆ ಇಂಟು ಗುರುತು ಹಾಕಿಸಿದರು. ಡ್ರೈವರ್ ಇಲ್ಲದ ಕಾರಿಗೆ ತಾವೇ ಇಂಟು ಹೇಳಿದರು. ಲೆಕ್ಕದಲ್ಲಿ ಮೋಸ ಗೊತ್ತಿರಲಿಲ್ಲ ಆ ಮನುಷ್ಯನಿಗೆ, ಅಷ್ಟು ಒಪ್ಪುತ್ತೇನೆ. ದನಿಯ ಸಾಲು ಬಂತು.

“ಬಂದಿಲ್ಲಲ್ಲ?”

ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ.

“ಇಲ್ರಿ.”

“ಹಂಗಾರ ಇಂಟು ಹಾಕು.” ನಾನು ಪೆನ್ನು ಊರುವಷ್ಟರಲ್ಲಿ, “ಚಲೋನ ಆತು ಬಿಡು. ಇದೊಂದು ನನಗ ಭಾಳ ಅಂಜಿಕಿ ಇತ್ತು. ಮನಿಯಾಗ ದಿನಾ ನೀ ಒಬ್ಬಾಕೀನ ಇರ್ತಿ,” ಎಂದರು.

ನಾನು ಇಂಟು ಹಾಕಿದೆ. ಎರಡು ಗೆರೆ, ಸಮವಾಗಿ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ. ಮೂರನೆಯ ದಿನ ಅವರು ತೀರಿಕೊಂಡರು.

ಅವರನ್ನು ಇಂದಿಗೂ ನಾನು ಕ್ಷಮಿಸಿಲ್ಲ. ಊಟದ ಟೇಬಲ್ಲಿನ ಗಾಜಿನಲ್ಲಿ ಅವರು ಕುಟ್ಟುತ್ತಿದ್ದ ಕಡೆ ಸಣ್ಣ ಗೀರಿದೆ. ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ. ನೋಟ್‌ಬುಕ್ ಮಾತ್ರ ಎಸೆಯಲಾಗಿಲ್ಲ. ಆ ಇಂಟು ಅಳಿಸಿ ಟಿಕ್ ಹಾಕೋಣವೆಂದು ಎರಡು ಸಲ ಪೆನ್ನು ಹಿಡಿದೆ. ಹಾಕಿದರೂ ಅದನ್ನು ನೋಡಬೇಕಾದವರಿಲ್ಲ. ಅಚ್ಚಿನಂಥ ನನ್ನ ಅಕ್ಷರದ ಪಕ್ಕ ಅದು ಹಾಗೇ ಇದೆ. ಓದಿದವರು ಯಾರೂ ಸುಳ್ಳು ಅನ್ನುವುದಿಲ್ಲ.