ಮೇಲಿರುವವನು ನೋಡಿದ ಹಪ್ಪಳ

ಹುಬ್ಬಳ್ಳಿಯಿಂದ ಹೊರಟ ಸ್ಲೀಪರ್ ಬಸ್ಸು ಬೆಳಿಗ್ಗೆ ಸಾಯನ್‌ನಲ್ಲಿ ಇಳಿಸಿದಾಗ ಫೆಬ್ರವರಿಯಲ್ಲೂ ಅಂಗಿ ಬೆನ್ನಿಗೆ ಅಂಟಿತ್ತು. ಲೋಕಲ್ ಹಿಡಿದು ಭಾಂಡುಪ್ ತಲುಪಿದೆ. ನನ್ನ ಹೆಂಡತಿಯ ಚಿಕ್ಕಮ್ಮ ಸುಮತಿಯವರ ಮನೆ ಅಲ್ಲಿ. ಉಡುಪಿ ಕಡೆಯವರಾದ ಅವರು, ಚಿಕ್ಕಪ್ಪ ತೀರಿಕೊಂಡ ಮೇಲೆ ಬಿಲ್ಡಿಂಗಿನ ಟೆರೇಸಿನಲ್ಲಿ ಹಪ್ಪಳ ಒಣಗಿಸಿ, ಹೋಟೆಲುಗಳಿಗೆ ಕೊಟ್ಟು ಬದುಕುತ್ತಿದ್ದಾರೆ. ಎರಡು ದಿನ ಅವರ ಮನೆಯಲ್ಲಿದ್ದು ಬಾಂದ್ರಾದ ಸಮುದ್ರ ನೋಡಿ ಬರುವುದು ನನ್ನ ಆಸೆಯಾಗಿತ್ತು. ಅದು ಹಣೆಯಲ್ಲಿ ಬರೆದಿರಲಿಲ್ಲ.

"ಟೆರೇಸಿಗೆ ಬೀಗ ಹಾಕಿದ್ದಾರೆ ಅಳಿಯಂದ್ರೇ," ಎಂದರು ಚಿಕ್ಕಮ್ಮ, ಚಹಾ ಕೊಡುತ್ತ. "ಬಿಲ್ಡಿಂಗಿಗೆ ಹೊಸ ಸೆಕ್ರೆಟರಿ ಬಂದಿದ್ದಾರೆ. ಹಿಂದಿನಿಂದ ನಡೆದು ಬಂದದ್ದಕ್ಕೆ ಅಡ್ಡಿಯಿಲ್ಲ, ಹೊಸ ಧಂಧೆಗೆ ಜಾಗ ಇಲ್ಲ ಅಂತೆ. ನಾನು ವರ್ಷ ವರ್ಷ ಒಣಗಿಸಿದ್ದಕ್ಕೆ ಪ್ರೂಫ್ ಕೊಡ್ಬೇಕಂತೆ. ಹಪ್ಪಳ ಎಲ್ಲ ಜನ ತಿಂದಾಯ್ತು, ಪ್ರೂಫ್ ಎಲ್ಲಿಂದ ತರುದು?"

"ನೀವೇನಂದ್ರಿ?"

"ಮೇಲಿರುವವನು ಎಲ್ಲ ನೋಡ್ತಾನೆ ಅಂದೆ."

ಪಕ್ಕದ ಮನೆಯ ಪ್ರಜ್ಞಾ ಇದನ್ನು ಕೇಳಿಸಿಕೊಂಡಿದ್ದಳು. ಅವಳು ಪವಾಯಿಯ ಒಂದು ಲ್ಯಾಬಿನಲ್ಲಿ ಉಪಗ್ರಹ ಚಿತ್ರಗಳ ಮೇಲೆ ಸಂಶೋಧನೆ ಮಾಡುವವಳು. ಮೇಲಿನಿಂದ ನಿಜವಾಗಿಯೂ ನೋಡುತ್ತಿರುತ್ತಾರೆ, ಲ್ಯಾಬಿಗೆ ಬಂದರೆ ತೋರಿಸುತ್ತೇನೆ ಎಂದಿದ್ದಳಂತೆ. ಅಂದೇ ಲ್ಯಾಬಿಗೆ ಹೊರಡುವಾಗ ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟಿದ್ದರು.

ಭಾಂಡುಪ್‌ನಿಂದ ಕಾಂಜೂರ್‌ಮಾರ್ಗ್ ಒಂದೇ ಸ್ಟೇಷನ್. "ಹತ್ತಿದ ಕೂಡಲೇ ಇಳಿಯುವ ಬಾಗಿಲಿಗೆ ಹೋಗಿ ನಿಲ್ಲಿ," ಎಂದು ಎಚ್ಚರಿಸಿ ಅವರು ಲೇಡೀಸ್ ಡಬ್ಬಿ ಹತ್ತಿದರು. ನಾನು ಒಂದು ಕಾಲೂರಿ ಇನ್ನೊಂದಕ್ಕೆ ಜಾಗ ಹುಡುಕುವಷ್ಟರಲ್ಲಿ ಕಾಂಜೂರ್‌ಮಾರ್ಗ್ ಬಂದು ಹೋಗಿತ್ತು. ವಿಕ್ರೋಲಿಯಲ್ಲಿ ಜನರೇ ನನ್ನನ್ನು ಇಳಿಸಿದರು. ತಿರುಗಿ ಬಂದಾಗ ಚಿಕ್ಕಮ್ಮ ಬೆಂಚಿನಲ್ಲಿ ಕೂತು ವಡಾಪಾವ್ ಮುಗಿಸಿದ್ದರು.

"ವಿಕ್ರೋಲಿ ಚೆಂದ ಉಂಟಾ?" ಎಂದು ಕೇಳಿದರು.

ಅಲ್ಲಿಂದ ಶೇರ್ ಆಟೋದಲ್ಲಿ ಪವಾಯಿಗೆ ಹೋದೆವು. ಲ್ಯಾಬಿನ ಎ.ಸಿ.ಗೆ ನಡುಗುತ್ತ ಚಿಕ್ಕಮ್ಮ ಸೆರಗು ಹೊದ್ದು ಕೂತರು.

"ಆಂಟಿ, ಈ ಸ್ಯಾಟಲೈಟ್ ಐದಾರು ದಿನಕ್ಕೊಮ್ಮೆ ಫೋಟೋ ತೆಗೀತದೆ," ಎಂದಳು ಪ್ರಜ್ಞಾ. "ಹಳೇದೆಲ್ಲ ಸಂಭಾಲ್ಕೇ ಇಡ್ತಾರೆ, ಡಿಲೀಟ್ ಮಾಡಲ್ಲ. ಯಾರು ಬೇಕಾದ್ರೂ ನೋಡ್ಬಹುದು. ಫ್ರೀ."

"ಫ್ರೀ ಯಾಕೆ? ಹಾಳಾದದ್ದಾ?"

ಹಪ್ಪಳಗಳನ್ನು ಒಂದೊಂದಾಗಿ ಎಣಿಸಬಹುದೆಂದು ನಾನು ನಂಬಿದ್ದೆ. ಪರದೆಯ ಮೇಲೆ ಕಂಡದ್ದು ಬರೀ ಬಣ್ಣದ ಚೌಕಗಳು. ಒಂದು ಚೌಕವೆಂದರೆ ನೆಲದ ಮೇಲೆ ಹತ್ತು ಮೀಟರ್. ನಮ್ಮ ಬಿಲ್ಡಿಂಗು ಮೂರು ನಾಲ್ಕು ಚೌಕವಾಗಿ ಮುಗಿದುಹೋಗಿತ್ತು. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡೆ.

ಪ್ರಜ್ಞಾ ತಿಂಗಳುಗಳನ್ನು ಸರಿಸುತ್ತ ಹೋದಳು. ಮಳೆಗಾಲದಲ್ಲಿ ಮೋಡ ಬಿಟ್ಟು ಬೇರೇನಿಲ್ಲ. ಜನವರಿಯಲ್ಲಿ ಟೆರೇಸು ಬೂದಿ ಬಣ್ಣ. ಏಪ್ರಿಲ್ ಬಂತು, ಚೌಕಗಳು ಬೆಳ್ಳಗಾದವು. ಮರುವರ್ಷವೂ ಏಪ್ರಿಲ್‌ನಲ್ಲಿ ಹಾಗೆಯೇ. ಅದರ ಮುಂದಿನ ವರ್ಷವೂ.

"ಅವರ ಪಂಚೆ," ಎಂದರು ಚಿಕ್ಕಮ್ಮ. ಚಿಕ್ಕಪ್ಪನ ಹಳೆಯ ಬಿಳಿ ಪಂಚೆಗಳನ್ನು ಟೆರೇಸಿನ ತುಂಬ ಹಾಸಿ ಅವುಗಳ ಮೇಲೆ ಹಪ್ಪಳ ಹರಡುವುದು ಅವರ ರೂಢಿ. ಬೆಳ್ಳನೆಯ ಚೌಕವನ್ನು ಬೆರಳಿನಿಂದ ಮುಟ್ಟಿದರು.

ಅಷ್ಟರಲ್ಲಿ ನಮ್ಮ ಗೃಹಪ್ರವೇಶದ ವರ್ಷ ಬಂತು. ಆ ಬೇಸಗೆ ಮೊಣಕಾಲು ನೋವಿನಿಂದ ಒಂದು ಹಪ್ಪಳವನ್ನೂ ಹಾಕಲಿಲ್ಲವೆಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದರು. ನಾವು ಅಂಗಡಿಯ ಹಪ್ಪಳ ಬಡಿಸಿ ನೆಂಟರ ಬಾಯಿಗೆ ಬಿದ್ದಿದ್ದೆವು. ಪರದೆಯಲ್ಲಿ ಆ ಏಪ್ರಿಲ್‌ನ ಟೆರೇಸು ಹಾಲು ಚೆಲ್ಲಿದಂತೆ ಬೆಳ್ಳಗಿತ್ತು.

"ಈ ವರ್ಷ ಭಾಳ ಬೆಳ್ಳಗದ ನೋಡ್ರೀ ಚಿಕ್ಕಮ್ಮ," ಎಂದೆ.

"ಪ್ರಜ್ಞಾ, ಮುಂದಿನ ವರ್ಷ ತೋರಿಸು ಮಗಾ," ಎಂದರು.

ಸಂಜೆ ಸೆಕ್ರೆಟರಿ, ನಾವು ಲ್ಯಾಬಿನಿಂದ ತಂದ ಚಿತ್ರಗಳ ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಯೇ ತೋ ಕೋಯಿ ಭೀ ಬನಾ ಸಕ್ತಾ ಹೈ," ಎಂದರು. ಯಾರು ಬೇಕಾದರೂ ಮಾಡಿಕೊಳ್ಳಬಹುದಂತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಮನುಷ್ಯ. ಪ್ರಜ್ಞಾ ಸೆಕ್ರೆಟರಿಯ ಮೊಬೈಲಿನಲ್ಲೇ ಅದೇ ಸಂಗ್ರಹವನ್ನು ತೆರೆಸಿದಳು. ಅವರು ಒಂದೊಂದೇ ಏಪ್ರಿಲ್ ನೋಡಿದರು. ನಾವು ಮೂವರೂ ಅವರ ಮನೆ ಬಾಗಿಲಲ್ಲಿ ನಿಂತಿದ್ದೆವು. ಕೊನೆಗೆ ಅವರು ತಲೆಯೆತ್ತಿದರು.

"ಇತ್ನೇ ಪಾಪಡ್? ಔರ್ ಹಮಾರೇ ಘರ್ ಏಕ್ ಭೀ ನಹೀಂ?"

ಸೆಕ್ರೆಟರಿ ಮನೆಗೆ ಒಂದು ಹಪ್ಪಳವೂ ಹೋಗಿಲ್ಲವೆಂಬ ದೂರು ಕೇಳಿ ಚಿಕ್ಕಮ್ಮ ತಮ್ಮ ಮನೆಗೆ ಹೋಗಿ ಒಂದು ಕಟ್ಟು ತಂದರು. ಸೆಕ್ರೆಟರಿ ಒಳಗೆ ಹೋಗಿ ಟೆರೇಸಿನ ಬೀಗದ ಕೈ ತಂದರು. ಆ ರಾತ್ರಿ ಚಿಕ್ಕಮ್ಮ ಪಂಚೆಗಳನ್ನು ಒಗೆಯಲು ನೆನೆಹಾಕಿದರು.

ಮರುದಿನ ಸೆಕ್ರೆಟರಿ ಮನಸ್ಸು ಬದಲಿಸಿಯಾರೆಂದು ಟೆರೇಸನ್ನು ಕಾಯುವುದರಲ್ಲೇ ಕಳೆಯಿತು. ಬಾಂದ್ರಾ ಉಳಿದೇ ಹೋಯಿತು. ಹೊರಡುವಾಗ ಚಿಕ್ಕಮ್ಮ ನನ್ನ ಕೈಗೆ ದೊಡ್ಡದೊಂದು ಪೊಟ್ಟಣ ಕೊಟ್ಟು, "ಇದು ಗೃಹಪ್ರವೇಶದ್ದು. ಮನೆಯಲ್ಲಿ ಎಂತದೂ ಹೇಳ್ಬೇಡಿ," ಎಂದರು.

ಹುಬ್ಬಳ್ಳಿಯಲ್ಲಿ ನನ್ನ ಹೆಂಡತಿ ಹಪ್ಪಳ ಕರಿದು ತಟ್ಟೆಗೆ ಹಾಕುತ್ತ, "ಪಾಪ ಚಿಕ್ಕಮ್ಮ, ಆ ವರ್ಷ ಮೊಣಕಾಲು ನೋವಿಲ್ಲದಿದ್ರೆ ಗೃಹಪ್ರವೇಶಕ್ಕೂ ಇದನ್ನೇ ಕಳಿಸ್ತಿದ್ರು, ಅಲ್ವಾ?" ಎಂದಳು.

ನಾನು ಬಾಯಿ ತುಂಬ ಹಪ್ಪಳ ಇಟ್ಟುಕೊಂಡು ಮೇಲೆ ನೋಡಿದೆ.