ಸೋಲಾರ್ ಕೂಡಿಸಲು ಕೂಕಟ್‌ಪಲ್ಲಿಗೆ

ವಿಜಯಪುರದಿಂದ ಬಸ್ಸು ಬಿಟ್ಟಾಗ ಬೆಳಗಿನ ಆರು ಗಂಟೆ. ನನ್ನನ್ನು ಹೈದರಾಬಾದಿಗೆ ಕರೆಸಿದವಳು ತಂಗಿ ನೀಲವ್ವ. ಕೂಕಟ್‌ಪಲ್ಲಿಯಲ್ಲಿ ಆಕೆಯದು ಜೋಳದ ರೊಟ್ಟಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಅಂಗಡಿಯ ಹಿಟ್ಟಿನ ಗಿರಣಿ ನಿಂತು, ಪಕ್ಕದ ಲೇಡೀಸ್ ಹಾಸ್ಟೆಲ್ಲಿಗೆ ಎರಡು ಸಲ ರೊಟ್ಟಿ ತಡವಾಗಿತ್ತಂತೆ. ಮೂರನೇ ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಹಾಸ್ಟೆಲ್ ಹೋದರೆ ಅರ್ಧ ಅಂಗಡಿ ಹೋದಂತೆ. ಅದಕ್ಕೇ ಬ್ಯಾಟರಿ ಸಮೇತ ಸೋಲಾರ್ ಕೂಡಿಸುವ ವಿಚಾರ.

ನಾನು ವಿದ್ಯುತ್ ಕಚೇರಿಯ ಟಪಾಲು ವಿಭಾಗದಲ್ಲಿ ಕೂತು ನಿವೃತ್ತನಾದವನು. ಜನ್ಮದಲ್ಲಿ ಒಂದು ತಂತಿ ಮುಟ್ಟಿದವನಲ್ಲ. ಆದರೆ ನಮ್ಮ ಬಳಗಕ್ಕೆಲ್ಲ ನಾನೇ ದೊಡ್ಡ ಇಂಜಿನಿಯರ್. ಅಲ್ಲ ಅಂದರೆ ಕೇಳಬೇಕಲ್ಲ!

ಹುಮನಾಬಾದಿನಲ್ಲಿ ತಿಂದ ಮಿರ್ಚಿ ಜಹೀರಾಬಾದಿನವರೆಗೂ ಹೊಟ್ಟೆಯಲ್ಲಿ ಮಾತಾಡುತ್ತಲೇ ಇತ್ತು. ಪಟಾನ್‌ಚೆರು ದಾಟಿದ ಮೇಲೆ ಬಸ್ಸು ತೆವಳತೊಡಗಿತು. ಮೆಟ್ರೊ ಕಂಬದ ಬುಡದಲ್ಲಿ ಇಳಿದಾಗ ಸಂಜೆಯಾಗಿದ್ದರೂ ಬಿಸಿಲು ಮುಖಕ್ಕೆ ಹೊಡೆಯಿತು. ಇಷ್ಟು ಬಿಸಿಲಿದ್ದ ಊರಿಗೆ ಕರೆಂಟಿನ ಬರವೇ ಎಂದು ಸಿಟ್ಟು ಬಂತು.

ಚಹಾ ಕುಡಿಯಲೂ ಬಿಡದೆ ನೀಲವ್ವನ ಗಂಡ ಶರಣಪ್ಪ ನನ್ನನ್ನು ಮಾಳಿಗೆಗೆ ಎಳೆದೊಯ್ದ. ಅಲ್ಲಿ ಒಂಬತ್ತು ಕಡೆ ಆಳೆತ್ತರದ ಕಬ್ಬಿಣದ ಕಂಬಿಗಳು ಗುಂಪುಗುಂಪಾಗಿ ಎದ್ದು ನಿಂತಿದ್ದವು. ಮುಂದೆ ಮೇಲಂತಸ್ತು ಕಟ್ಟಲು ಬಿಟ್ಟ ಕಂಬಿಗಳು. ಆ ಓಣಿಯಲ್ಲಿ ಯಾವ ಮಾಳಿಗೆ ನೋಡಿದರೂ ಇದೇ ಕತೆ. ಆದರೆ ಶರಣಪ್ಪನಷ್ಟು ಯಾರೂ ಅವುಗಳ ಆರೈಕೆ ಮಾಡಿರಲಿಕ್ಕಿಲ್ಲ. ಜಂಗು ಹಿಡಿಯಬಾರದೆಂದು ವರ್ಷಕ್ಕೊಮ್ಮೆ ಸಿಮೆಂಟ್ ಹಾಲು ಬಳಿಯುತ್ತಾನೆ.

"ಮ್ಯಾಲಿನ ಮನಿ ನೀಲವ್ವಗ ಅಂತ ಮಾಡೀನ್ರಿ, ಅಣ್ಣಾರ. ಮೂಡಲ ದಿಕ್ಕಿಗೆ ಬಾಲ್ಕನಿ. ಎಷ್ಟ್ ದಿನ ಅಂತ ಹಿಟ್ಟಿನ ಧೂಳಿನ್ಯಾಗ ಇರ್ತಾಳ? ಆರಾಮ ಮ್ಯಾಲ ಕುಂದರ್ಲಿ."

"ಮತ್ತ ಸೋಲಾರ್?"

"ನೋಡೋಣಂತ ತಗೋರಿ," ಎಂದು ಮಾತು ತೇಲಿಸಿಬಿಟ್ಟ.

ಮರುದಿನ ಶರಣಪ್ಪ, ನಾನು ಇಬ್ಬರೂ ಮೆಟ್ರೊ ಹತ್ತಿ ಬೇಗಂ ಬಜಾರಿಗೆ ಹೋದೆವು. ಜೋಳದ ಚೀಲದ ಧಾರಣಿ ಕೇಳುವುದಿದೆ ಎಂದಿದ್ದ. ಕೇಳಿದ್ದು ಎರಡು ನಿಮಿಷ. ಆಮೇಲೆ ಒಂದು ಸಂದಿಯಲ್ಲಿ ನನ್ನನ್ನು ಅರ್ಧ ತಾಸು ಬಿಸಿಲಿಗೆ ನಿಲ್ಲಿಸಿ ಹಿತ್ತಾಳೆಯ ಬಾಗಿಲ ಹಿಡಿಕೆ ಆರಿಸಿದ. ಎಲ್ಲಿಗೆ ಎಂದೆ. ಮೇಲಿನ ಮನೆಗಂತೆ! ಕರೆಗಂಟೆ, ಗೋಡೆಯ ಮಾಡದಲ್ಲಿಡುವ ದೀಪ ಎಲ್ಲ ಆಗಲೇ ತಂದಿಟ್ಟಿದ್ದಾನಂತೆ. ಹುಚ್ಚ ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಜಿಲೇಬಿ ಕೊಡಿಸಿದ. ಸುಮ್ಮನಾದೆ.

ಮೂರನೇ ದಿನ ಸೋಲಾರ್ ಕಂಪನಿಯಿಂದ ಸ್ವಾತಿ ಎಂಬ ತೆಲುಗು ಹುಡುಗಿ ಅಳತೆಗೆ ಬಂದಳು. ತಂಗಿ ನನ್ನನ್ನು ಇಂಜಿನಿಯರ್ ಎಂದು ಪರಿಚಯಿಸಿದಳು. ಸ್ವಾತಿ ಏನೋ ಕೇಳಿದಳು, ನಾನು ಗಂಭೀರವಾಗಿ ಆಕಾಶ ನೋಡಿದೆ. ಮಾಳಿಗೆಯನ್ನು ಎರಡು ಸುತ್ತು ಬಂದವಳು ಶರಣಪ್ಪನ ಎದುರು ನಿಂತಳು.

"ಪೈ ಫ್ಲೋರ್ ಎಪ್ಪುಡು ಕಡತಾರು, ಅಂಕಲ್?" ಮೇಲಂತಸ್ತು ಯಾವಾಗ ಕಟ್ಟುತ್ತೀರಿ ಎಂಬ ಪ್ರಶ್ನೆ. ಪ್ಯಾನೆಲ್ ಕೂಡಿಸಿದರೆ ಇಪ್ಪತ್ತೈದು ವರ್ಷ ಅಲ್ಲೇ ಇರುತ್ತವೆ. ಕಟ್ಟುವುದಿದ್ದರೆ ಈಗ ಸೋಲಾರ್ ಬೇಡ, ಕಟ್ಟದಿದ್ದರೆ ಕಂಬಿ ಕತ್ತರಿಸಿ. ಎರಡರಲ್ಲೊಂದು ಹೇಳಿ ಎಂದಳು.

ಶರಣಪ್ಪ ಒಂದು ಕಂಬಿಯನ್ನು ಹಿಡಿದುಕೊಂಡು ನಿಂತುಬಿಟ್ಟ.

ಆಗ ನೀಲವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು. "ನನಗ ಮ್ಯಾಲಿನ ಮನಿ ಬ್ಯಾಡ್ರಿ. ಯಾವತ್ತೂ ಬ್ಯಾಡಾಗಿತ್ತು. ಕೆಳಗ ಕುಂತ್ರ ಹಾದು ಹೋಗೋರು ಬರೋರು ನಾಕು ಮಾತಾಡಸ್ತಾರ. ಮ್ಯಾಲ ಒಬ್ಬಾಕಿನ ಕುಂತು ಕಾಗಿ ಕೂಡ ಮಾತಾಡ್ಲೇನು?"

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದ ಶರಣಪ್ಪ.

"ಕಂಬಿಗೆ ಸಿಮೆಂಟ್ ಹಾಲು ಹಚ್ಚೂ ದಿನ ನೀವು ಮುಂಜಾನಿಂದ ಹಾಡ ಹಾಡ್ತಿದ್ರಿ. ಹ್ಯಾಂಗ ಹೇಳ್ಲಿ?"

ಅಬ್ಬಾ, ಆ ಗಳಿಗೆ! ಸ್ವಾತಿಗೆ ಕನ್ನಡ ಬರದಿದ್ದರೂ ಆಕೆಯೂ ಟೇಪು ಸುತ್ತಿಕೊಂಡು ಬೇರೆ ಕಡೆ ನೋಡಿದಳು. ಹಿರಿಯನಾಗಿ ನಾನೇ ಏನಾದರೂ ಹೇಳಬೇಕಿತ್ತು. "ಭಾಳ ಬಿಸಿಲೈತಿ," ಎಂದೆ. ಅಷ್ಟೇ ಹೊಳೆದದ್ದು.

ಶರಣಪ್ಪ ನೀರಿನ ಟಾಕಿಯ ನೆರಳಿಗೆ ಹೋಗಿ ಕುಳಿತ. ಊಟಕ್ಕೆ ಕರೆದರೂ ಏಳಲಿಲ್ಲ. ನೀಲವ್ವ ಸ್ವಾತಿಯನ್ನು ಕೂಡಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ತಾನು ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ. ಹಾಸ್ಟೆಲ್ ಹೋದರೆ ಹೋಗಲಿ, ನಮ್ಮ ಮನೆಯವರ ಮನಸ್ಸು ಮುರಿದು ನನಗೆ ಏನೂ ಬ್ಯಾಡ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಸ್ವಾತಿ ಕೈ ತೊಳೆಯುವ ಹೊತ್ತಿಗೆ ಶರಣಪ್ಪ ದಡದಡ ಇಳಿದು ಬಂದ. ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಆಕೆಯನ್ನು ಕೇಳಿದ: ಕಂಬಿ ಕಡಿಯುವುದು ಬೇಡ, ಅದೇ ಕಂಬಿಗೆ ಒಂಬತ್ತು ಕಂಬ ಎಬ್ಬಿಸಿ, ಅದರ ಮೇಲೆ ಚೌಕಟ್ಟು ಹಾಕಿ ಪ್ಯಾನೆಲ್ ಹಾಸಿದರೆ?

ಆಗುತ್ತದೆ, ಖರ್ಚು ಜಾಸ್ತಿ, ಮೊದಲು ಕಂಬಿಗಳ ಗಟ್ಟಿತನ ಪರೀಕ್ಷಿಸಬೇಕು ಎಂದಳು ಸ್ವಾತಿ.

"ನನ್ನ ಕಂಬಿನ? ಪರೀಕ್ಷೆ ಮಾಡವ್ವ, ಬೇಕಾದಷ್ಟು ಮಾಡು!" ಎಂದು ಎದೆಯುಬ್ಬಿಸಿದ. ಆಮೇಲೆ ಎಲ್ಲಿಲ್ಲದ ಹಸಿವು. ಆರು ರೊಟ್ಟಿ ತಿಂದ.

ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಲು ಚೀಲ ಹಿಡಿದು ಹೊರಟವನು ಓಣಿಯಲ್ಲೇ ಸಿಕ್ಕವರಿಗೆಲ್ಲ ಮೇಲಿನ ಮನೆ ಶುರುವಾಯಿತೆಂದು ಹೇಳತೊಡಗಿದ. ಎಷ್ಟು ರೂಮು ಎಂದು ಎದುರಿನ ಇಸ್ತ್ರಿ ಅಂಗಡಿಯವ ಕೇಳಿದ. "ರೂಮಿಲ್ಲ, ಗ್ವಾಡಿನೂ ಇಲ್ಲ. ಬರೇ ನೆರಳು," ಎಂದ ಶರಣಪ್ಪ.

ರೊಟ್ಟಿ ಅಂಗಡಿಯ ಕಿಟಕಿಯಿಂದ ನೀಲವ್ವ ಕೂಗಿದಳು. "ಏನ್ರೀ, ಮೆಟ್ಟಿಲ ಅಗಲ ಮಾಡಸ್ರಿ! ಮಧ್ಯಾಹ್ನ ಓಣಿ ಹೆಂಗಸರ್ನೆಲ್ಲ ಕರಕೊಂಡು ನಾನೂ ಅಲ್ಲೇ ಬಂದು ಕುಂದರ್ತೀನಿ."

ಶರಣಪ್ಪ ನಡುರಸ್ತೆಯಲ್ಲಿ ನಿಂತ. ನನ್ನ ಚೀಲವನ್ನು ನನ್ನ ಕೈಗೇ ಕೊಟ್ಟು, ಮೆಟ್ಟಿಲು ಅಳೆಯಲು ಮನೆಗೆ ಓಡಿದ. ನಾನು ಒಬ್ಬನೇ ಹೋಗಿ ಬಸ್ಸು ಹತ್ತಿದೆ.